ಕೆಲಸ ಮಾಡದ ಯಂತ್ರವನ್ನು ಪದವಿ ಪ್ರದರ್ಶನದಲ್ಲಿ ಇಡುವುದೇಕೆ?

ಪ್ರಶ್ನೆ: ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಂಥ ಸಂಸ್ಥೆಗಳ ಪದವಿ ಪ್ರದರ್ಶನಕ್ಕೆ ಹೋದರೆ, ಇಂಟರಾಕ್ಷನ್ ಡಿಸೈನ್ (ಜನ ಯಂತ್ರಗಳೊಡನೆ ಹೇಗೆ ವ್ಯವಹರಿಸಬೇಕೆಂಬುದನ್ನು ರೂಪಿಸುವ ವಿನ್ಯಾಸ) ವಿದ್ಯಾರ್ಥಿಗಳು ಇಟ್ಟಿರುವ ಎಷ್ಟೋ ವಸ್ತುಗಳು ಕೆಲಸವನ್ನೇ ಮಾಡುವುದಿಲ್ಲ; ಮಾಡಿದರೂ ಯಾರಿಗೆ ಬೇಕೆಂದು ತಿಳಿಯುವುದಿಲ್ಲ. ಇವನ್ನು ನೋಡುವುದು ಹೇಗೆ?

ಉತ್ತರ: ಶುಲ್ಕ ಕಟ್ಟಿದ ತಂದೆತಾಯಿಯರ ಬಾಯಲ್ಲಿ ಈ ಪ್ರಶ್ನೆ ಇನ್ನಷ್ಟು ಖಾರವಾಗಿಯೇ ಬರುತ್ತದೆ, ಅದು ಸಹಜವೂ ಹೌದು. ಯಂತ್ರ ಓಡುತ್ತದೆಯೇ ಎಂದು ಪರೀಕ್ಷಿಸುವ ಮೊದಲು, ಅದರಲ್ಲಿ ಯಾವ ಭಾಗ ನಿಜ, ಯಾವ ಭಾಗ ನಟನೆ ಎಂಬುದನ್ನು ಪಕ್ಕದಲ್ಲಿ ನಿಂತಿರುವ ವಿದ್ಯಾರ್ಥಿಯನ್ನೇ ಕೇಳಿ ತಿಳಿದುಕೊಳ್ಳುವುದು ನನ್ನ ಸಲಹೆ. ಒಳ್ಳೆಯ ವಿದ್ಯಾರ್ಥಿ ಇದಕ್ಕೆ ಸಂಕೋಚವಿಲ್ಲದೆ ಉತ್ತರಿಸುತ್ತಾನೆ. ಉತ್ತರ ತಡವರಿಸಿದರೆ ಅದೂ ಒಂದು ಮಾಹಿತಿಯೇ.

1992ರಲ್ಲಿ ಇದೇ ಕಾಲೇಜಿನಲ್ಲಿ ಡರೆಲ್ ಬಿಷಪ್ ರೂಪಿಸಿದ ಗೋಲಿಗಳ ಆನ್ಸರಿಂಗ್ ಮಷೀನ್ ಅನ್ನು ನೋಡೋಣ. ಮನೆಯಲ್ಲಿ ಯಾರೂ ಇಲ್ಲದಾಗ ಬಂದ ಕರೆಯ ಮಾತನ್ನು ಮುದ್ರಿಸಿಟ್ಟುಕೊಳ್ಳುವ ಯಂತ್ರ ಆಗ ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿತ್ತು, ಅದನ್ನು ಬಳಸಲು ಗುಂಡಿಗಳ ಮೇಲೆ ಗುಂಡಿ ಒತ್ತಬೇಕಾಗುತ್ತಿತ್ತು. ಬಿಷಪ್ ಅವರ ಕಲ್ಪನೆಯಲ್ಲಿ ಸಂದೇಶವೊಂದು ಬಂದಾಗ ಗೋಲಿಯೊಂದು ಉರುಳಿ ಬಂದು ಯಂತ್ರದ ಅಂಚಿನಲ್ಲಿ ನಿಲ್ಲುತ್ತದೆ. ಎಷ್ಟು ಗೋಲಿಗಳಿವೆಯೋ ಅಷ್ಟು ಸಂದೇಶಗಳು; ಬಾಗಿಲಲ್ಲಿ ನಿಂತೇ ಎಣಿಸಬಹುದು. ಗೋಲಿಯನ್ನು ಎತ್ತಿ ಒಂದು ಕುಳಿಯಲ್ಲಿಟ್ಟರೆ ಸಂದೇಶ ಕೇಳಿಸುತ್ತದೆ, ಫೋನಿನ ಮೇಲಿನ ಕುಳಿಯಲ್ಲಿಟ್ಟರೆ ಕರೆ ಮಾಡಿದವರಿಗೇ ಮರುಕರೆ ಹೋಗುತ್ತದೆ, ಸಂದೇಶ ಬೇಡವಾದರೆ ಗೋಲಿಯನ್ನು ಯಂತ್ರಕ್ಕೇ ಹಿಂದಿರುಗಿಸಬೇಕು. ಮನೆಯ ಇನ್ನೊಬ್ಬರಿಗೆ ಬಂದ ಸಂದೇಶವಾದರೆ ಆ ಗೋಲಿಯನ್ನು ಅವರಿಗಾಗಿ ಬೇರೆಯಾಗಿ ಎತ್ತಿಡಬಹುದು. ಇದು ಎಂದೂ ಅಂಗಡಿಯ ಸರಕಾಗಲಿಲ್ಲ. ಆದರೆ ಕಂಪ್ಯೂಟರಿನೊಳಗಿನ ಮಾಹಿತಿಯನ್ನು ಕೈಯಲ್ಲಿ ಹಿಡಿಯುವ ವಸ್ತುವಾಗಿಸಬಹುದೆಂಬ ವಿಚಾರ ಮುಂದೆ ಒಂದು ಸಂಶೋಧನಾ ಕ್ಷೇತ್ರವಾಗಿಯೇ ಬೆಳೆದಾಗ, ಅಲ್ಲಿನವರು ಮತ್ತೆ ಮತ್ತೆ ನೆನೆದದ್ದು ಈ ಗೋಲಿಗಳನ್ನೇ. ಇಂಥ ಕೃತಿಯ ಮುಂದೆ ನಿಂತಾಗ ವೈರು ಎಲ್ಲಿಗೆ ಹೋಗುತ್ತದೆಂದು ಹುಡುಕುವುದಕ್ಕಿಂತ, ಹೇಳಿಕೊಡದೆಯೇ ಕೈ ಮುಂದಿನ ಹೆಜ್ಜೆಯನ್ನು ಊಹಿಸುತ್ತದೆಯೇ ಎಂದು ಗಮನಿಸುವುದು ಹೆಚ್ಚು ಫಲಕಾರಿ.

ಇನ್ನು ಕೆಲವು ಕೃತಿಗಳು ಕೆಲಸ ಮಾಡಬೇಕೆಂಬ ಉದ್ದೇಶವನ್ನೇ ಇಟ್ಟುಕೊಂಡಿರುವುದಿಲ್ಲ. ಅದೇ ಕಾಲೇಜಿನ ಜೇಮ್ಸ್ ಆಗರ್ ಮತ್ತು ಜಿಮ್ಮಿ ಲೋಯ್ಜೊ 2001ರಲ್ಲಿ, ಹಲ್ಲಿನೊಳಗೆ ಕೂರಿಸುವ ಫೋನೊಂದನ್ನು ಮುಂದಿಟ್ಟರು: ದವಡೆಯ ಮೂಳೆಯ ಮೂಲಕ ಧ್ವನಿ ಒಳಕಿವಿಗೆ ತಲುಪುತ್ತದೆ, ಪಕ್ಕದವರಿಗೆ ಏನೂ ತಿಳಿಯುವುದಿಲ್ಲ. ಅಂಥ ಹಲ್ಲು ಯಾರ ಬಾಯಲ್ಲೂ ಇರಲಿಲ್ಲ. ಹಾಗಿದ್ದೂ ಟೈಮ್ ಪತ್ರಿಕೆ 2002ರ ಆವಿಷ್ಕಾರಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಟ್ಟಿತು. ದೇಹದೊಳಗೆ ಯಂತ್ರ ಹೋಗುವುದಾದರೆ ನೀವು ಒಪ್ಪುತ್ತೀರಾ ಎಂಬ ಚರ್ಚೆ ಎಬ್ಬಿಸುವುದು ಅವರಿಗೆ ಬೇಕಾಗಿತ್ತು, ಚರ್ಚೆಯೂ ಎದ್ದಿತು. 2005ರಿಂದ 2015ರವರೆಗೆ ಅಲ್ಲಿ ಈ ವಿಭಾಗವನ್ನು ನಡೆಸಿದ ಆಂಟನಿ ಡನ್ ಇಂಥ ಕೆಲಸಕ್ಕೇ ಒತ್ತು ಕೊಟ್ಟರು. ಇದರಲ್ಲಿ ನನಗೊಂದು ತಕರಾರಿದೆ: ಪ್ರಶ್ನೆ ಎತ್ತುವುದೇ ಉದ್ದೇಶ ಎಂಬ ಮಾತು ಸೋಮಾರಿ ಕೆಲಸಕ್ಕೂ ಗುರಾಣಿಯಾಗುತ್ತದೆ. ಫಲಕದ ಮೇಲಿನ ಪ್ರಶ್ನೆಯನ್ನು ವಸ್ತುವಿಲ್ಲದೆ ಬರಿ ಮಾತಿನಲ್ಲೇ ಕೇಳಬಹುದಾಗಿದ್ದರೆ, ಆ ವಸ್ತುವನ್ನು ಮಾಡುವ ಅಗತ್ಯವೇ ಇರಲಿಲ್ಲ.

ಆ ತಕರಾರಿಗೆ ಉತ್ತರವಾಗಿ ನಿಲ್ಲಬಲ್ಲ ಕೃತಿಯೂ ಅದೇ ವಿಭಾಗದಿಂದ ಬಂದಿದೆ. 2009ರಲ್ಲಿ ಪದವಿ ಮುಗಿಸಿದ ಥಾಮಸ್ ತ್ವೇಟ್ಸ್, ಆಗ ಅಂಗಡಿಯಲ್ಲಿ 3.94 ಪೌಂಡಿಗೆ ಸಿಗುತ್ತಿದ್ದ ಬ್ರೆಡ್ ಟೋಸ್ಟರನ್ನು ಬಿಚ್ಚಿ, ಅಂಥದ್ದೇ ಒಂದನ್ನು ಕಚ್ಚಾ ವಸ್ತುಗಳಿಂದ ತಾವೇ ಮಾಡಲು ಹೊರಟರು. ಹಳೆಯ ಗಣಿಯಿಂದ ಕಬ್ಬಿಣದ ಅದಿರನ್ನು ತಂದರು. ಕುಲುಮೆಯಲ್ಲಿ ಸರಿಯಾದ ಕಬ್ಬಿಣ ಬಾರದೆ ಕೊನೆಗೆ ಅದನ್ನು ಮೈಕ್ರೋವೇವ್ ಒಲೆಯಲ್ಲಿ ಕರಗಿಸಿದರು. ಖರ್ಚು ಸಾವಿರ ಪೌಂಡನ್ನು ದಾಟಿತು. ಹೊರಕವಚ ಕರಗಿ ಸೋರಿದ ಹಳದಿ ಪ್ಲಾಸ್ಟಿಕ್ಕಿನ ಮುದ್ದೆಯಾಗಿತ್ತು, ಮನೆಯ ವಿದ್ಯುತ್ತಿಗೆ ಜೋಡಿಸಿದಾಗ ಯಂತ್ರ ಕೆಲವೇ ಸೆಕೆಂಡು ಬಾಳಿತು. ಅಗ್ಗದ ವಸ್ತುವೊಂದರ ಹಿಂದೆ ಎಷ್ಟು ಗಣಿ, ಎಷ್ಟು ಕಾರ್ಖಾನೆ ಅಡಗಿವೆ ಎಂಬುದು ಆ ವಿಕಾರ ಮುದ್ದೆಯನ್ನು ಕಂಡಾಗ ಗೊತ್ತಾಗುವಷ್ಟು ಯಾವ ಲೇಖನದಿಂದಲೂ ಗೊತ್ತಾಗುವುದಿಲ್ಲ. ಇಲ್ಲಿ ನೋಡಬೇಕಾದದ್ದು ಪ್ರಯತ್ನದ ದಾಖಲೆ. ಆದ್ದರಿಂದ ಮೇಜಿನ ಮೇಲೆ ಟಿಪ್ಪಣಿ ಪುಸ್ತಕವೋ ವಿಫಲವಾದ ಮಾದರಿಗಳೋ ಇದ್ದರೆ, ಅನುಮತಿ ಕೇಳಿ, ತಿರುವಿ ನೋಡಿ.

ತಾಂತ್ರಿಕ ಚಮತ್ಕಾರಕ್ಕೆ ಹೆಚ್ಚು ಅಂಕ ಕೊಡಬೇಕಾಗಿಲ್ಲ. ಮೇಜಿನ ಕೆಳಗೆ ಬಗ್ಗಿದರೆ ಬಹಳ ಸಲ ಕಾಣುವ ಆರ್ಡುಯಿನೋ ಎಂಬ, ದೀಪ, ಸೆನ್ಸರುಗಳನ್ನು ನಿಯಂತ್ರಿಸುವ ಪುಟ್ಟ ನೀಲಿ ಎಲೆಕ್ಟ್ರಾನಿಕ್ ಬೋರ್ಡು ಇಟಲಿಯ ಇವ್ರೆಯಾ ಪಟ್ಟಣದ ಇಂಟರಾಕ್ಷನ್ ಡಿಸೈನ್ ಶಾಲೆಯಲ್ಲಿ 2005ರಲ್ಲಿ ಹುಟ್ಟಿದ್ದು. ಅದಕ್ಕೆ ಬುನಾದಿಯಾದ ವೈರಿಂಗ್ ಎಂಬ ವ್ಯವಸ್ಥೆಯೂ ಅಲ್ಲಿನ ವಿದ್ಯಾರ್ಥಿ ಹೆರ್ನಾಂಡೊ ಬಾರಗಾನ್ ಅವರ ಪದವಿ ಕೆಲಸವೇ. ಇಂದು ಆರ್ಡುಯಿನೋ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಸುಲಭವಾಗಿ ಸಿಗುತ್ತದೆ. ಹಾಗಾಗಿ ದೀಪ ಮಿನುಗಿಸುವುದು, ಕೈ ಬೀಸಿದರೆ ಗೋಡೆಯ ಮೇಲೆ ಬಣ್ಣ ಚೆಲ್ಲುವುದು ಈಗ ಕಷ್ಟದ ಕೆಲಸವಲ್ಲ. ಅಂಥವುಗಳ ಮುಂದೆಯೇ ಜನ ಮುತ್ತಿರುತ್ತಾರೆ. ಅಲ್ಲಿ ಎರಡು ನಿಮಿಷ ನಿಂತು, ಉಳಿದ ಸಮಯವನ್ನು ಮೂಲೆಯ ಮೇಜಿನ ವಿದ್ಯಾರ್ಥಿಯೊಡನೆ ಮಾತಿಗೆ ಮೀಸಲಿಡಿ. ಉದ್ಘಾಟನೆಯ ಸಂಜೆಯ ಗದ್ದಲದಲ್ಲಿ ಅದು ಸಾಧ್ಯವಾಗದು. ವಾರದ ದಿನ ಬೆಳಿಗ್ಗೆ ಹೋಗುವುದು ಒಳ್ಳೆಯದು.