ಪುಲ್ ರಿಕ್ವೆಸ್ಟ್: ಕೊಡುವವರು ನಾವು, ಎಳೆದುಕೊಳ್ಳುವವರು ಅವರು

ಕೋಡ್ ಬರೆಯುವವರ ನಡುವೆ ಅರ್ಧ ಗಂಟೆ ಕುಳಿತರೆ ಸಾಕು, ‘ಪಿಆರ್’ ಅನ್ನುವ ಮಾತು ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ‘ಪಿಆರ್ ಹಾಕಿದ್ದೀನಿ, ಸ್ವಲ್ಪ ನೋಡಿ.’ ‘ನನ್ನ ಪಿಆರ್ ಇನ್ನೂ ಮರ್ಜ್ ಆಗಿಲ್ಲ.’ ‘ಅದಕ್ಕೆ ಕಾನ್‌ಫ್ಲಿಕ್ಟ್ ಬಂದು ಕೂತಿದೆ.’ ಪಿಆರ್ ಅಂದರೆ ಪುಲ್ ರಿಕ್ವೆಸ್ಟ್. ಪುಲ್ ಅಂದರೆ ಎಳೆಯುವುದು, ರಿಕ್ವೆಸ್ಟ್ ಅಂದರೆ ಕೋರಿಕೆ. ಎಳೆಯುವ ಕೋರಿಕೆ! ಮೊದಲ ಸಲ ಕೇಳಿದಾಗ ನನಗೆ ತಲೆಬುಡ ಅರ್ಥವಾಗಿರಲಿಲ್ಲ. ನನ್ನ ಬದಲಾವಣೆಯನ್ನು ನಾನು ಅವರಿಗೆ ಕಳಿಸುತ್ತಿದ್ದೇನೆ. ಕಳಿಸುವುದು ಅಂದರೆ ಆ ಕಡೆಗೆ ತಳ್ಳುವುದು ಅಲ್ವಾ? ಹಾಗಾದರೆ ಪುಶ್ ರಿಕ್ವೆಸ್ಟ್ ಅನ್ನಬೇಕಿತ್ತು. ಇದೇನು ಉಲ್ಟಾ?

ಉಲ್ಟಾ ಅಲ್ಲ. ಯಾರ ಕೈ ಎಲ್ಲಿ ಆಡುತ್ತದೆ ಅನ್ನುವುದನ್ನು ಈ ಹೆಸರೇ ಹೇಳುತ್ತದೆ. ಹತ್ತಾರು ಜನ ಸೇರಿ ಬರೆಯುವ ಕೋಡ್ ಒಂದು ಕಡೆ ಇರುತ್ತದೆ. ಅದಕ್ಕೆ ರೆಪಾಸಿಟರಿ ಅಂತ ಹೆಸರು, ಬಾಯಿಮಾತಿನಲ್ಲಿ ರೆಪೊ. ಓಪನ್ ಸೋರ್ಸ್ ರೆಪೊವನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಿಕೊಳ್ಳಬಹುದು. ಆದರೆ ಅದರೊಳಗೆ ಬರೆಯುವ ಹಕ್ಕು ಕೆಲವರಿಗೆ ಮಾತ್ರ. ಅವರನ್ನು ಮೇಂಟೇನರ್‌ಗಳು ಅನ್ನುತ್ತಾರೆ. ಪುಶ್ ಅಂದರೆ ಹೀಗೆ ನೇರವಾಗಿ ಒಳಗೆ ತಳ್ಳುವುದು. ನಿನ್ನೆ ಮೊನ್ನೆ ಬಂದ ನಮಗೆ ಆ ಹಕ್ಕು ಇಲ್ಲ, ಇರಲೂಬಾರದು. ಹಾಗಾಗಿ ನಾವು ಬದಲಾವಣೆಯನ್ನು ನಮ್ಮದೇ ಜಾಗದಲ್ಲಿ ಇಟ್ಟುಕೊಂಡು, ‘ಇಗೋ, ಇಲ್ಲಿ ಇಟ್ಟಿದ್ದೇನೆ. ಸರಿ ಕಂಡರೆ ಎಳೆದುಕೊಳ್ಳಿ’ ಎಂದು ಕೇಳುತ್ತೇವೆ. ಎಳೆಯುವ ಕೈ ಅವರದು. ನಾವು ಯಾರು, ಎಂಥವರು ಅಂತ ಅವರು ಮೊದಲೇ ವಿಚಾರಿಸಬೇಕಾಗಿಲ್ಲ. ಮುಂದೆ ಇಟ್ಟದ್ದನ್ನು ಓದಿ ನೋಡಿದರೆ ಸಾಕು. ಮುಖ ಪರಿಚಯವೇ ಇಲ್ಲದ ಜನ ಒಟ್ಟಿಗೆ ಕೆಲಸ ಮಾಡಲು ಆಗುವುದು ಇದರಿಂದಲೇ.

ಈ ಮಾತು ಹುಟ್ಟಿದ್ದು, ಇಂಥ ರೆಪೊಗಳನ್ನು ಇಟ್ಟುಕೊಳ್ಳುವ ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದಕ್ಕಿಂತ ಹಳೆಯದು. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವ ತಂಡ, ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಬಿಟ್‌ಕೀಪರ್ ಎಂಬ ತಂತ್ರಾಂಶವನ್ನು ಪುಕ್ಕಟೆಯಾಗಿ ಬಳಸುತ್ತಿತ್ತು. ಆ ಸೌಲಭ್ಯ ಕೈತಪ್ಪಿದಾಗ, 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದೇ ಕೆಲಸಕ್ಕೆ ತಾವೇ ಗಿಟ್ ಬರೆದರು. ಗಿಟ್‌ನಲ್ಲಿ ರೆಪೊವನ್ನು ಕ್ಲೋನ್ ಮಾಡಿಕೊಂಡ, ಅಂದರೆ ತಮ್ಮ ಕಂಪ್ಯೂಟರಿಗೆ ನಕಲು ಇಳಿಸಿಕೊಂಡ ಪ್ರತಿಯೊಬ್ಬರ ಬಳಿಯೂ ಇಡೀ ಇತಿಹಾಸ ಇರುತ್ತದೆ. ಹಾಗಾಗಿ ಯಾರು ಯಾರಿಂದ ಬೇಕಾದರೂ ಎಳೆದುಕೊಳ್ಳಬಹುದು. ಅದೇ ವರ್ಷ ‘ರಿಕ್ವೆಸ್ಟ್-ಪುಲ್’ ಎಂಬ ಒಂದು ಆಜ್ಞೆಯೂ ಅದರೊಳಗೆ ಸೇರಿತು. ಅದು ಮಾಡುವುದು ಇಷ್ಟೇ: ಈ ವಿಳಾಸದಲ್ಲಿ ಇಂತಿಂಥ ಬದಲಾವಣೆಗಳಿವೆ, ದಯವಿಟ್ಟು ಎಳೆದುಕೊಳ್ಳಿ ಅಂತ ಇಮೇಲ್‌ಗೆ ಹಾಕುವ ಬರಹವನ್ನು ತಯಾರು ಮಾಡಿಕೊಡುತ್ತದೆ. ಕರ್ನಲ್ ತಂಡದಲ್ಲಿ ಇವತ್ತಿಗೂ ಇಂಥ ಇಮೇಲ್‌ಗಳೇ ಓಡಾಡುತ್ತವೆ. 2008ರಲ್ಲಿ ಬಂದ ಗಿಟ್‌ಹಬ್ ಆ ಕಾಗದವನ್ನು ಒಂದು ಗುಂಡಿ, ಒಂದು ಪುಟ ಮಾಡಿತು. ತಮಾಷೆ ಅಂದರೆ, ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್‌ಗಳನ್ನು ತಾವು ತೆಗೆದುಕೊಳ್ಳುವುದಿಲ್ಲ ಅಂತ ಲಿನಸ್ 2012ರಲ್ಲಿ ಗಿಟ್‌ಹಬ್‌ನಲ್ಲೇ ಹೇಳಿದರು. ಕಳಿಸಿದವರ ಸರಿಯಾದ ಇಮೇಲ್ ವಿಳಾಸದಂಥ ವಿವರಗಳನ್ನು ಅದು ಎಸೆದುಬಿಡುತ್ತದೆ ಎಂಬುದು ಅವರ ತಕರಾರು.

ಗಿಟ್‌ಹಬ್‌ನಂಥದೇ ಇನ್ನೊಂದು ತಾಣವಾದ ಗಿಟ್‌ಲ್ಯಾಬ್‌ನವರು ಇದನ್ನೇ ಮರ್ಜ್ ರಿಕ್ವೆಸ್ಟ್ ಅನ್ನುತ್ತಾರೆ, ಅಂದರೆ ಸೇರಿಸಿಕೊಳ್ಳಿ ಎಂಬ ಕೋರಿಕೆ. ಹೊಸಬರಿಗೆ ಈ ಹೆಸರು ಬೇಗ ತಿಳಿಯುತ್ತದೆ, ಒಪ್ಪುತ್ತೇನೆ. ಆದರೂ ನನಗೆ ಹಳೆಯದೇ ಇಷ್ಟ.

ಈಗ ಒಂದು ಸಣ್ಣ ಕೆಲಸವನ್ನು ಹಿಡಿದು ನೋಡೋಣ. ನೀವು ಒಂದು ತಂತ್ರಾಂಶವನ್ನು ಇಳಿಸಿಕೊಂಡಿರಿ. ಬಳಸುವ ವಿಧಾನ ಬರೆದಿಟ್ಟ ಅದರ ರೀಡ್‌ಮೀ ಕಡತದಲ್ಲಿ ಇರುವಂತೆ ಮಾಡುತ್ತಾ ಹೋದಿರಿ, ಮೂರನೇ ಹೆಜ್ಜೆಗೆ ಸಿಕ್ಕಿಬಿದ್ದಿರಿ. ಅಲ್ಲಿ ಹೇಳಿದ ಫೋಲ್ಡರ್ ಇಲ್ಲವೇ ಇಲ್ಲ. ಹುಡುಕಿದರೆ, ಯಾವಾಗಲೋ ಅದರ ಹೆಸರು ಬದಲಾಗಿದೆ, ರೀಡ್‌ಮೀಯಲ್ಲಿ ಹಳೆಯ ಹೆಸರೇ ಉಳಿದುಬಿಟ್ಟಿದೆ. ಮೊದಲ ಪಿಆರ್‌ಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ. ಯಾಕೆ ಗೊತ್ತಾ? ಇದು ಹೊಸಬರ ಕಣ್ಣಿಗೆ ಮಾತ್ರ ಬೀಳುವ ತಪ್ಪು. ಹಳಬರು ಆ ಪುಟವನ್ನು ಓದಿ ವರ್ಷಗಳೇ ಆಗಿರುತ್ತವೆ.

ಮೊದಲು ಫೋರ್ಕ್. ಅಂದರೆ ಇಡೀ ರೆಪೊದ ಒಂದು ಪ್ರತಿ ನಿಮ್ಮ ಖಾತೆಯಲ್ಲಿ. ಈ ಪದಕ್ಕೂ ಒಂದು ಕತೆಯಿದೆ. ಹಿಂದೆ ಫೋರ್ಕ್ ಅಂದರೆ ಮನೆ ಪಾಲಾದಂತೆ. ಭಿನ್ನಾಭಿಪ್ರಾಯ ಬಂದು, ಒಂದು ಗುಂಪು ಕೋಡ್ ಎತ್ತಿಕೊಂಡು ಬೇರೆ ಹೋಗುವುದು. 2010ರಲ್ಲಿ ಓಪನ್‌ಆಫೀಸ್‌ನಿಂದ ಲಿಬ್ರೆಆಫೀಸ್ ಕವಲೊಡೆದದ್ದು ಹಾಗೆ. ಈಗ ಆ ಪದದ ಸಿಟ್ಟೆಲ್ಲ ಇಳಿದಿದೆ. ಒಂದು ಅಕ್ಷರ ತಿದ್ದಬೇಕಾದರೂ ಫೋರ್ಕ್ ಮಾಡುತ್ತೇವೆ. ಅಂದಹಾಗೆ, ಗಿಟ್‌ನಲ್ಲಿ ಫೋರ್ಕ್ ಎಂಬ ಆಜ್ಞೆಯೇ ಇಲ್ಲ. ಅದು ಗಿಟ್‌ಹಬ್‌ನಂಥ ತಾಣಗಳು ಮಾಡಿಕೊಂಡ ಏರ್ಪಾಡು.

ಆಮೇಲೆ ಕ್ಲೋನ್. ನಿಮ್ಮ ಫೋರ್ಕ್ ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಅಲ್ಲಿ ಒಂದು ಹೊಸ ಬ್ರಾಂಚ್, ಅಂದರೆ ಕೋಡಿನ ಒಂದು ಕವಲು ಮಾಡಿ, ಫೋಲ್ಡರ್ ಹೆಸರು ಸರಿಪಡಿಸಿ, ಕಮಿಟ್ ಮಾಡಿ. ಕಮಿಟ್ ಅಂದರೆ ಬದಲಾವಣೆಗೆ ಒಂದು ಸಾಲಿನ ವಿವರಣೆ ಅಂಟಿಸಿ ಇತಿಹಾಸಕ್ಕೆ ಸೇರಿಸುವುದು. ನಂತರ ಪುಶ್. ಇಲ್ಲಿ ಪುಶ್ ಮಾಡಬಹುದು, ಯಾಕೆಂದರೆ ತಳ್ಳುತ್ತಿರುವುದು ನಿಮ್ಮದೇ ಫೋರ್ಕ್‌ಗೆ. ಕಡೆಗೆ ಮೂಲ ರೆಪೊದ ಪುಟಕ್ಕೆ ಹೋಗಿ ಪುಲ್ ರಿಕ್ವೆಸ್ಟ್ ತೆರೆಯಿರಿ. ಇಷ್ಟೆಲ್ಲ ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಕೆಲಸ ಬೇಡ ಅನ್ನಿಸಿದರೆ, ಗಿಟ್‌ಹಬ್‌ನಲ್ಲಿ ಕಡತದ ಪಕ್ಕದ ಪೆನ್ಸಿಲ್ ಗುರುತನ್ನು ಒತ್ತಿದರೂ ಆಯಿತು. ಫೋರ್ಕ್, ಬ್ರಾಂಚ್ ಎಲ್ಲ ಹಿಂದಿನಿಂದ ಅದೇ ಮಾಡಿಕೊಳ್ಳುತ್ತದೆ. ಒಂದು ಪದ ತಿದ್ದಲು ಇದು ಧಾರಾಳ ಸಾಕು, ಇದರಲ್ಲಿ ಕೀಳು ಏನೂ ಇಲ್ಲ.

ಬ್ರಾಂಚ್ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಪುಲ್ ರಿಕ್ವೆಸ್ಟ್ ಅಂದರೆ ಆ ಹೊತ್ತಿನ ಕಡತಗಳನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಕಳಿಸಿದಂತೆ ಅಂತ ಅಂದುಕೊಳ್ಳುತ್ತೇವೆ. ಹಾಗಲ್ಲ. ನಿಮ್ಮ ಬ್ರಾಂಚಿಗೂ ಅವರ ಬ್ರಾಂಚಿಗೂ ನಡುವೆ ಕಟ್ಟಿದ ದಾರ ಅದು. ಪಿಆರ್ ತೆರೆದ ಮೇಲೂ ನಿಮ್ಮ ಆ ಬ್ರಾಂಚಿಗೆ ಏನೇ ಪುಶ್ ಮಾಡಿದರೂ ಅದು ತಾನಾಗಿ ಪಿಆರ್‌ನಲ್ಲಿ ಕಾಣುತ್ತದೆ. ಮೇಂಟೇನರ್ ಒಂದು ತಿದ್ದುಪಡಿ ಕೇಳಿದರೆ, ಹಳೆಯ ಪಿಆರ್ ಮುಚ್ಚಿ ಹೊಸದು ತೆರೆಯುವ ಅಗತ್ಯ ಇಲ್ಲ. ಅದೇ ಬ್ರಾಂಚಿನಲ್ಲಿ ಇನ್ನೊಂದು ಕಮಿಟ್ ಮಾಡಿ ಪುಶ್ ಮಾಡಿದರೆ ಸಾಕು. ಇದರ ಇನ್ನೊಂದು ಮುಖವೂ ಇದೆ. ಹೊಸ ಬ್ರಾಂಚ್ ಮಾಡದೆ ನೇರವಾಗಿ ‘ಮೇನ್’ ಎಂಬ ಮುಖ್ಯ ಬ್ರಾಂಚಿನಲ್ಲೇ ಕೆಲಸ ಮಾಡಿ ಪಿಆರ್ ಹಾಕಿದಿರಿ ಅಂದುಕೊಳ್ಳಿ. ಮುಂದಿನ ವಾರ ಬೇರೆ ಏನನ್ನೋ ಪ್ರಯತ್ನಿಸಿ ಅಲ್ಲಿಗೇ ಪುಶ್ ಮಾಡುತ್ತೀರಿ. ಅದೂ ಹೋಗಿ ಆ ಪಿಆರ್‌ಗೆ ಅಂಟಿಕೊಳ್ಳುತ್ತದೆ. ಫೋಲ್ಡರ್ ಹೆಸರು ತಿದ್ದಿದ್ದೇನೆ ಅಂತ ಬರೆದ ಪಿಆರ್ ಒಳಗೆ ನಿಮ್ಮ ಅರೆಬೆಂದ ಪ್ರಯೋಗ ಕೂತಿರುತ್ತದೆ. ಒಂದು ಕೆಲಸಕ್ಕೆ ಒಂದು ಬ್ರಾಂಚ್ ಅನ್ನುವುದು ಇದಕ್ಕೇ.

ನನ್ನ ಮೊದಲ ಪಿಆರ್ ಕೂಡ ಒಂದೇ ಪದದ್ದು. ತಿದ್ದಿದ್ದು ಒಂದು ಪದ, ಆದರೆ ಪಿಆರ್ ಪುಟದಲ್ಲಿ ನೋಡಿದರೆ ಕಡತದ ಎಲ್ಲ ಸಾಲೂ ಕೆಂಪು, ಎಲ್ಲ ಸಾಲೂ ಹಸಿರು. ಕೆಂಪು ಅಂದರೆ ತೆಗೆದದ್ದು, ಹಸಿರು ಅಂದರೆ ಸೇರಿಸಿದ್ದು. ಏನಾಗಿತ್ತು ಅಂದರೆ, ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಚಿಹ್ನೆಗಳು ಇರುತ್ತವೆ, ಲಿನಕ್ಸ್‌ನಲ್ಲಿ ಒಂದೇ. ನನ್ನ ಎಡಿಟರ್ ಸೇವ್ ಮಾಡುವಾಗ ಎಲ್ಲ ಸಾಲುಗಳ ಕೊನೆಯನ್ನೂ ಬದಲಿಸಿಬಿಟ್ಟಿತ್ತು. ಏನೇನು ಬದಲಾಗಿದೆ ಅಂತ ತೋರಿಸುವ ಡಿಫ್ ಹೋಲಿಸುವುದು ಸಾಲು ಸಾಲಾಗಿ, ಹಾಗಾಗಿ ಅದರ ಲೆಕ್ಕದಲ್ಲಿ ಇಡೀ ಕಡತ ಹೊಸದು. ಪಾಪ, ರಿವ್ಯೂ ಮಾಡುವವರು ಆ ಒಂದು ಪದವನ್ನು ಎಲ್ಲಿ ಅಂತ ಹುಡುಕಬೇಕು? ಕಮಿಟ್ ಮಾಡುವ ಮೊದಲು ‘ಗಿಟ್ ಡಿಫ್’ ಹೊಡೆದು ನೋಡಿದ್ದರೆ ನನಗೇ ಗೊತ್ತಾಗುತ್ತಿತ್ತು. ಈಗ ಅದು ಅಭ್ಯಾಸವಾಗಿದೆ.

ಇನ್ನೊಂದು ಎಚ್ಚರಿಕೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಪ್ರತಿ ಕಮಿಟ್‌ನಲ್ಲೂ ನಿಮ್ಮ ಹೆಸರು, ಇಮೇಲ್ ಅಚ್ಚಾಗಿರುತ್ತದೆ. ಅದು ಮರ್ಜ್ ಆದ ಮೇಲೆ ಕ್ಲೋನ್ ಮಾಡಿಕೊಂಡ ಎಲ್ಲರ ಬಳಿಯೂ ಇರುತ್ತದೆ, ವಾಪಸ್ ತೆಗೆಯುವುದು ಆಗದ ಮಾತು. ಸ್ವಂತ ಇಮೇಲ್ ಬಯಲಾಗುವುದು ಬೇಡ ಅಂದರೆ, ಗಿಟ್‌ಹಬ್ ಇದಕ್ಕಾಗಿಯೇ ಕೊಡುವ ನೋ-ರಿಪ್ಲೈ ವಿಳಾಸವನ್ನು ಮೊದಲೇ ಗಿಟ್‌ಗೆ ಹೇಳಿಡಿ.

ಇನ್ನು ರಿಕ್ವೆಸ್ಟ್ ಎಂಬ ಪದ. ಕೋರಿಕೆ ಅಂದ ಮೇಲೆ ಕೇಳುವ ರೀತಿಯಲ್ಲಿ ಕೇಳಬೇಕು. ‘ಅಪ್‌ಡೇಟ್’ ಅಂತ ಒಂದು ಪದದ ತಲೆಬರಹ ಕೊಟ್ಟರೆ ಯಾರಿಗೆ ಏನು ತಿಳಿಯುತ್ತದೆ? ‘ಇನ್‌ಸ್ಟಾಲ್ ವಿಧಾನದ ಮೂರನೇ ಹೆಜ್ಜೆಯಲ್ಲಿ ಫೋಲ್ಡರ್ ಹೆಸರು ಹಳೆಯದು, ಸರಿಪಡಿಸಿದ್ದೇನೆ’ ಅಂದರೆ ಮುಗಿಯಿತು. ಆ ತಪ್ಪಿನ ಬಗ್ಗೆ ಮೊದಲೇ ಒಂದು ಇಶ್ಯೂ, ಅಂದರೆ ಯಾರಾದರೂ ಬರೆದಿಟ್ಟ ದೂರು ಇದ್ದರೆ ಅದರ ಸಂಖ್ಯೆಯನ್ನು ‘ಫಿಕ್ಸಸ್’ ಪದದ ಜೊತೆ ಬರೆಯಿರಿ. ಪಿಆರ್ ಅವರ ಮುಖ್ಯ ಬ್ರಾಂಚಿಗೆ ಸೇರಿದ ಕೂಡಲೇ ಆ ಇಶ್ಯೂ ತಾನೇ ಮುಚ್ಚಿಕೊಳ್ಳುತ್ತದೆ. ರೆಪೊದಲ್ಲಿ ‘ಕಾಂಟ್ರಿಬ್ಯೂಟಿಂಗ್’ ಎಂಬ ಕಡತ ಇದ್ದರೆ ಅದನ್ನು ಮೊದಲು ಓದಿ. ಕಮಿಟ್ ಸಂದೇಶ ಹೇಗಿರಬೇಕು, ಟೆಸ್ಟ್ ಹೇಗೆ ಓಡಿಸಬೇಕು ಎಂಬ ಮನೆಯ ರೀತಿ ರಿವಾಜು ಅಲ್ಲಿರುತ್ತದೆ. ಕೆಲಸ ಏನೂ ಹೊಳೆಯದಿದ್ದರೆ ‘ಗುಡ್ ಫಸ್ಟ್ ಇಶ್ಯೂ’ ಎಂಬ ಚೀಟಿ ಅಂಟಿಸಿದ ಇಶ್ಯೂಗಳನ್ನು ಹುಡುಕಿ.

ಕೇಳುವ ರೀತಿ ಕೆಟ್ಟರೆ ಏನಾಗುತ್ತದೆ ಎಂಬುದು 2020ರ ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಡಿಜಿಟಲ್‌ಓಶನ್ ಕಂಪನಿ 2014ರಿಂದ ಹ್ಯಾಕ್‌ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಹಬ್ಬ ನಡೆಸುತ್ತಿದೆ. ಆ ವರ್ಷದ ನಿಯಮ, ನಾಲ್ಕು ಪಿಆರ್ ಹಾಕಿದವರಿಗೆ ಟೀ ಶರ್ಟ್. ಆಸೆಗೆ ಬಿದ್ದ ಜನ ಕಂಡಕಂಡ ರೀಡ್‌ಮೀಗಳಲ್ಲಿ ಒಂದೊಂದು ಪದ ತುರುಕಿ ಪಿಆರ್ ಸುರಿಸಿದರು. ಮೇಂಟೇನರ್‌ಗಳು ಅವನ್ನು ಮುಚ್ಚಿ ಮುಚ್ಚಿ ಸುಸ್ತಾದರು. ಕೊನೆಗೆ ಹಬ್ಬ ನಡೆಯುತ್ತಿರುವಾಗಲೇ ನಿಯಮ ಬದಲಾಯಿತು: ತಾವಾಗಿ ಒಪ್ಪಿಕೊಂಡ ರೆಪೊಗಳ ಪಿಆರ್ ಮಾತ್ರ ಲೆಕ್ಕಕ್ಕೆ. ಸಣ್ಣ ಪಿಆರ್ ಹಾಕುವುದು ತಪ್ಪಲ್ಲ, ಓದುಗರಿಗೆ ಅಡ್ಡ ಬಂದ ಕಲ್ಲನ್ನು ಅದು ಎತ್ತಿಡಬೇಕು ಅಷ್ಟೆ. ಸುಮ್ನೆ ಕೈ ಆಡಿಸಲೇಬೇಕು ಅನ್ನುವವರಿಗೆ ‘ಫಸ್ಟ್ ಕಾಂಟ್ರಿಬ್ಯೂಷನ್ಸ್’ ಅಂತ ಒಂದು ರೆಪೊ ಇದೆ. ಪಟ್ಟಿಯೊಂದಕ್ಕೆ ನಿಮ್ಮ ಹೆಸರು ಸೇರಿಸಿ ಪಿಆರ್ ಹಾಕುವುದನ್ನು ಕಲಿಸಲೆಂದೇ ಅದು ಇರುವುದು.

ಪಿಆರ್ ಹಾಕಿದ ಮೇಲೆ ಕಾಯಬೇಕು. ಮೊದಲು ಯಂತ್ರದ ಪರೀಕ್ಷೆಗಳು ಓಡುತ್ತವೆ, ಆಮೇಲೆ ಮನುಷ್ಯರು ನೋಡುತ್ತಾರೆ. ಅಲ್ಲಿ ‘ನಿಟ್’ ಅಂತ ಶುರುವಾಗುವ ಮಾತು ಬಂದರೆ ಹೆದರಬೇಡಿ. ಅದು ಸಣ್ಣಪುಟ್ಟ ಕೊಂಕು ಅಂತ ಅವರೇ ಒಪ್ಪಿಕೊಂಡ ಗುರುತು. ‘ಎಲ್‌ಜಿಟಿಎಂ’ ಅಂದರೆ ನನಗೆ ಸರಿ ಕಂಡಿತು ಅಂತ. ಕಾನ್‌ಫ್ಲಿಕ್ಟ್ ಅಂದರೆ ಜಗಳವಲ್ಲ, ನೀವು ಮುಟ್ಟಿದ ಸಾಲನ್ನೇ ನಡುವೆ ಬೇರೆ ಯಾರೋ ಮುಟ್ಟಿದ್ದಾರೆ, ಯಾವುದು ಉಳಿಯಬೇಕು ಅಂತ ಗಿಟ್‌ಗೆ ತಿಳಿಯುತ್ತಿಲ್ಲ. ವಾರವಾದರೂ ಉತ್ತರ ಬರದಿದ್ದರೆ ಒಂದು ಸಲ ಮೆಲ್ಲಗೆ ನೆನಪಿಸಬಹುದು. ಎಷ್ಟೋ ಮೇಂಟೇನರ್‌ಗಳು ಇದನ್ನು ಸಂಬಳವಿಲ್ಲದೆ ಬಿಡುವಿನಲ್ಲಿ ಮಾಡುವವರು. ಬೇಡ ಅಂತ ಮುಚ್ಚಿಬಿಡುವುದೂ ಉಂಟು. ಕೋರಿಕೆ ಅಂದ ಮೇಲೆ ಇಲ್ಲ ಅನ್ನುವ ಹಕ್ಕು ಅವರಿಗೆ ಇದ್ದೇ ಇದೆ.

ಒಪ್ಪಿದರು ಅನ್ನಿ. ಹಸಿರು ಗುರುತು ನೇರಳೆಯಾಗುತ್ತದೆ, ಮರ್ಜ್ ಆಯಿತು. ಕೆಲಸ ಮುಗಿದ ಬ್ರಾಂಚನ್ನು ಅಳಿಸಬಹುದು. ಆಗ ನಿಮ್ಮ ಫೋರ್ಕ್ ತೆರೆದು ನೋಡಿ. ಅದರ ಮೇನ್ ಬ್ರಾಂಚಿನಲ್ಲಿ ಇನ್ನೂ ಹಳೆಯ ತಪ್ಪು ಫೋಲ್ಡರ್ ಹೆಸರೇ ಇದೆ. ನೀವು ತಿದ್ದಿದ್ದು ಅಲ್ಲಿ ಸೇರಿದೆ, ಇಲ್ಲಿಗೆ ಇನ್ನೂ ಬಂದಿಲ್ಲ. ಈಗ ಪುಲ್ ಮಾಡುವ ಸರದಿ ನಿಮ್ಮದು. ಅದಕ್ಕೆ ಯಾರಿಗೂ ರಿಕ್ವೆಸ್ಟ್ ಹಾಕಬೇಕಿಲ್ಲ.