ದಿನಾ ಬಿಚ್ಚುವ ಸಾಮಾನಿಗೆ ಯಾವ ಕಪ್ಲರ್?

ಟ್ಯಾಕ್ಸಿ ಓಡಿಸುವ ಒಬ್ಬರು ಗಾಡಿ ತಂದು ನಿಲ್ಲಿಸಿದರು. ಡ್ಯಾಶ್‌ಬೋರ್ಡ್ ಮೇಲೆ ಒಂದು ಚಿಕ್ಕ ಹಲಗೆ, ಅದರ ಮೇಲೆ ಟ್ಯಾಬ್ ಚಾರ್ಜರ್ ಮತ್ತು ಫ್ಯಾನ್. "ಅಣ್ಣಾ, ರಾತ್ರಿ ಗಾಡಿ ರಸ್ತೇಲೇ ನಿಲ್ಸೋದು. ಇದನ್ನ ದಿನಾ ಬಿಚ್ಕೊಂಡು ಮನೆಗೆ ಹೋಗ್ಬೇಕು. ಮೂರು ತಿಂಗಳಿಗೇ ಹೀಗಾಯ್ತು ನೋಡಿ" ಎಂದರು. ವೈರ್‌ಗಳನ್ನು ಜೋಡಿಸುವ ಪ್ಲಗ್ಗು, ಅಂದರೆ ಕಪ್ಲರ್, ಒಂದು ಕಡೆ ಕಂದು ಬಣ್ಣಕ್ಕೆ ತಿರುಗಿತ್ತು, ಪಿನ್ನು ಸಡಿಲವಾಗಿತ್ತು. ಮೊದಲು ವೈರಿಂಗ್ ಮಾಡಿದವರು ಹಾಕಿದ್ದು ಗಾಡಿಗೆಂದೇ ತಯಾರಾದ, ಲಾಕ್ ಇರುವ, ಒಳ್ಳೆಯ ಕಪ್ಲರ್. ಹಾಗಿದ್ದರೂ ಯಾಕೆ ಹೀಗಾಯಿತು?

ಗಾಡಿಯ ಒಳಗಿನ ವೈರಿಂಗ್ ಕಪ್ಲರ್‌ಗಳನ್ನು ಒಮ್ಮೆ ಕೂರಿಸಿ ಬಿಡುವುದಕ್ಕೆ ಮಾಡಿರುತ್ತಾರೆ. ಹೆಡ್‌ಲೈಟ್ ಕಪ್ಲರನ್ನು ಗಾಡಿಯ ಆಯುಸ್ಸಿನಲ್ಲಿ ಎಷ್ಟು ಸಲ ಬಿಚ್ಚುತ್ತೇವೆ? ಐದೋ ಆರೋ ಸಲ, ಅಲ್ವಾ. ಅದರ ಪಿನ್ನಿಗೆ ಸಾಮಾನ್ಯವಾಗಿ ತವರದ ತೆಳು ಲೇಪನ ಇರುತ್ತದೆ. ದಿನಾ ಹಾಕಿ ತೆಗೆದರೆ ಆ ಲೇಪನ ಉಜ್ಜಿ ಹೋಗುತ್ತದೆ. ಒಳಗಿನ ಲೋಹಕ್ಕೆ ಗಾಳಿ ತಾಗಿ ಕಿಲುಬು ಹಿಡಿಯುತ್ತದೆ. ಹಿಡಿತವೂ ಸಡಿಲವಾಗುತ್ತದೆ. ಆಗ ಆ ಜಾಗದಲ್ಲಿ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಡೆ, ಏರುತ್ತದೆ. ಬರೀ 0.1 ಓಮ್ ಆದರೂ ಸಾಕು. 5 ಆಂಪಿಯರ್ ಹರಿದರೆ ಅಲ್ಲಿ 2.5 ವಾಟ್ ಶಾಖ ಹುಟ್ಟುತ್ತದೆ. ಬೆರಳಿನ ತುದಿಯಷ್ಟು ಪ್ಲಾಸ್ಟಿಕ್ಕಿಗೆ ಅದು ತುಂಬಾ ಜಾಸ್ತಿ. ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮೊದಲೇ ಕೈ ಇಡಲಾಗದಷ್ಟು ಕಾದಿರುತ್ತದೆ.

ಆದ್ದರಿಂದ ನಾನು ಮೊದಲು ಆಂಪಿಯರ್ ಕೇಳುವುದಿಲ್ಲ. ದಿನಕ್ಕೆ ಎಷ್ಟು ಸಲ ಬಿಚ್ಚುತ್ತೀರಿ ಅಂತ ಕೇಳುತ್ತೇನೆ. ದಿನಕ್ಕೆ ಒಮ್ಮೆ ಅಂದರೂ ವರ್ಷಕ್ಕೆ 365 ಸಲ. ನಮಗೆಲ್ಲ ಪರಿಚಯದ ಅಗಲ ಬಾಯಿಯ ಯುಎಸ್‌ಬಿ ಎ ಪ್ಲಗ್ಗಿಗೆ ಮೂಲ ನಿಯಮದಲ್ಲಿ ಹೇಳಿರುವ ಬಾಳಿಕೆ 1,500 ಸಲ. ಅಂದರೆ ಸುಮಾರು ನಾಲ್ಕು ವರ್ಷ. ಸಿ ಪ್ಲಗ್ಗಿಗೆ 10,000 ಸಲ. ನಿಮ್ಮ ಸಾಮಾನು 5 ವೋಲ್ಟಿನದಾದರೆ, ಡ್ಯಾಶ್ ಕ್ಯಾಮ್ ಥರದ್ದು, ಜಾಸ್ತಿ ಯೋಚಿಸಬೇಡಿ. ಒಳ್ಳೆಯ ಸಿ ಕೇಬಲ್ ಹಾಕಿ.

ಆದರೆ ಗಾಡಿಯ ಬ್ಯಾಟರಿಯ 12 ವೋಲ್ಟನ್ನು ಯುಎಸ್‌ಬಿ ಎ ಸಾಕೆಟ್ಟಿಗೆ ನೇರವಾಗಿ ಕೊಡಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ಅಂಥ ವೈರಿಂಗ್ ಇದ್ದ ಒಂದು ಗಾಡಿ ನನ್ನ ಹತ್ತಿರ ಬಂದಿತ್ತು. ಅದು ಡಿಸ್‌ಪ್ಲೇಗೆಂದು ಮಾಡಿದ್ದ ಸಾಕೆಟ್. ಮನೆಗೆ ಬಂದ ನೆಂಟರ ಹುಡುಗ ಚಾರ್ಜಿಂಗ್ ಸಾಕೆಟ್ ಅಂದುಕೊಂಡು ಫೋನ್ ಸಿಕ್ಕಿಸಿದ. ಫೋನ್ ಸುಟ್ಟುಹೋಯಿತು. ಹುಡುಗನ ತಪ್ಪು ಏನೂ ಇಲ್ಲ. ಆ ಆಕಾರದ ತೂತು ಕಂಡರೆ ಯಾರಾದರೂ ಫೋನೇ ಸಿಕ್ಕಿಸುತ್ತಾರೆ.

ಇನ್ನು ಲೈಟರ್ ಸಾಕೆಟ್. ಅದು ಹುಟ್ಟಿದ್ದು ಸಿಗರೇಟು ಹಚ್ಚುವುದಕ್ಕೆ. ತುದಿಯಲ್ಲಿ ಒಂದು ಸ್ಪ್ರಿಂಗ್ ಪ್ಲಗ್ಗನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ, ಹಿಡಿದಿಡಲು ಲಾಕ್ ಇಲ್ಲ. ಹಂಪ್ ಹಾರಿದಾಗ ಸಂಪರ್ಕ ಒಂದು ಕ್ಷಣ ತಪ್ಪಿ, ಡ್ಯಾಶ್ ಕ್ಯಾಮ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಊರಿಗೆ ಹೋಗಿ ಬರುವಷ್ಟು ಹೊತ್ತಿಗೆ ಪರವಾಗಿಲ್ಲ. ದಿನವಿಡೀ ಓಡುವ ಗಾಡಿಗೆ ಬೇಡ.

5.5 ಎಂಎಂ ದುಂಡು ಡಿಸಿ ಪ್ಲಗ್ ಅಗ್ಗ, ಎಲ್ಲಾ ಕಡೆ ಸಿಗುತ್ತದೆ. 1–2 ಆಂಪಿಯರಿಗೆ ಸಾಕು. ಆದರೆ ಅದರ ಒಳ ಅಳತೆ ಎರಡು ಬಗೆ, 2.1 ಮತ್ತು 2.5 ಎಂಎಂ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. 2.1ರ ಸಾಕೆಟ್ಟಿಗೆ 2.5ರ ಪ್ಲಗ್ ಸಲೀಸಾಗಿ ಹೋಗುತ್ತದೆ, ಒಳಗೆ ಮಾತ್ರ ಲೂಸ್ ಕಾಂಟ್ಯಾಕ್ಟ್. ಕೊಳ್ಳುವಾಗ ಜೋಡಿಯಾಗಿಯೇ ಕೊಳ್ಳಿ. ಆಡಿಯೋಗೆ ಬಳಸುವ 3.5 ಎಂಎಂ ಜ್ಯಾಕ್ ಪವರ್‌ಗೆ ಬೇಡವೇ ಬೇಡ. ಒಳಗೆ ಹೋಗುವಾಗ ಅದು ಪ್ಲಸ್ ಮೈನಸ್ ಎರಡನ್ನೂ ಒಟ್ಟಿಗೆ ತಾಗಿಸಬಹುದು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಸಾಮಾನು ಬಿಚ್ಚಿದ ಮೇಲೆ ಗಾಡಿಯಲ್ಲಿ ಉಳಿಯುವ ತುಂಡಿನಲ್ಲಿ ಕರೆಂಟ್ ಇರಬಹುದು. ಗಾಡಿಯ ಬಾಡಿಯೇ ಮೈನಸ್. ಆ ತುಂಡಿನ ಪ್ಲಸ್ ಪಿನ್ನು ಹೊರಗೆ ಚಾಚಿಕೊಂಡಿದ್ದು ಎಲ್ಲಾದರೂ ಬಾಡಿಯ ಲೋಹಕ್ಕೆ ತಾಗಿದರೆ ಶಾರ್ಟ್. ಹಾಗಾಗಿ ಗಾಡಿಯ ಕಡೆ ಯಾವಾಗಲೂ ತೂತಿನ ಭಾಗ ಇರಬೇಕು, ಬಿಚ್ಚುವ ಸಾಮಾನಿನ ಕಡೆ ಪಿನ್ನಿನ ಭಾಗ.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ತಿರುಪಿನ ಉಂಗುರ ಇರುವ ಜಿಎಕ್ಸ್12 ಕನೆಕ್ಟರ್ ಸಿಗುತ್ತದೆ. 12 ಎಂಎಂ ತೂತು ಕೊರೆದು ಕೂರಿಸುವಂಥದ್ದು. ಉಂಗುರ ತಿರುಗಿಸಿದರೆ ಎಷ್ಟು ಅಲುಗಾಡಿದರೂ ಕಳಚುವುದಿಲ್ಲ, ನನಗೆ ಇಷ್ಟ. ಆದರೆ ಸಾಮಾನ್ಯವಾಗಿ ಸಿಗುವ ಜೋಡಿಯಲ್ಲಿ ಪ್ಯಾನೆಲ್‌ಗೆ ಕೂರಿಸುವ ಭಾಗದಲ್ಲೇ ಪಿನ್ನುಗಳಿರುತ್ತವೆ. ಅದನ್ನು ಡ್ಯಾಶ್‌ಬೋರ್ಡಿಗೆ ಕೂರಿಸಿದರೆ ನೋಡಲು ಚೆಂದ, ಕೆಲಸ ಮಾತ್ರ ಉಲ್ಟಾ. ಪ್ಯಾನೆಲ್ ಭಾಗವನ್ನು ಸಾಮಾನಿಗೆ ಕೂರಿಸಿ. ತೂತಿರುವ ವೈರ್ ಭಾಗವನ್ನು ಗಾಡಿಯಿಂದ ಗೇಣುದ್ದ ಹೊರಗೆ ಬಿಡಿ.

ಹವ್ಯಾಸಕ್ಕೆ ರೇಡಿಯೋ ಸಂಪರ್ಕ ನಡೆಸುವ ಹ್ಯಾಮ್ ರೇಡಿಯೋದವರು ಆಂಡರ್ಸನ್ ಪವರ್‌ಪೋಲ್ ಎಂಬ ಕನೆಕ್ಟರ್ ಬಳಸುತ್ತಾರೆ. ಅದರಲ್ಲಿ ಗಂಡು ಹೆಣ್ಣು ಅಂತಿಲ್ಲ, ಎರಡೂ ಭಾಗ ಒಂದೇ. ಲೋಹ ಒಳಗೆ ಅಡಗಿರುತ್ತದೆ. ಪ್ರತಿ ಸಲ ಹಾಕುವಾಗಲೂ ಲೋಹದ ಮೇಲೆ ಲೋಹ ಜಾರಿ ತಾನೇ ಶುಚಿಯಾಗುತ್ತದೆ. ಜೋರಾಗಿ ಎಳೆದರೆ ಕಳಚಿಕೊಳ್ಳುತ್ತದೆ. ವೈರಿಗೆ ಕಾಲು ಸಿಕ್ಕಿದರೆ ಡ್ಯಾಶ್‌ಬೋರ್ಡ್ ಕಿತ್ತುಬರುವ ಬದಲು ಕನೆಕ್ಟರ್ ಬಿಟ್ಟುಕೊಳ್ಳುವುದೇ ಒಳ್ಳೆಯದು. 10 ಆಂಪಿಯರ್ ದಾಟಿದರೆ ನಾನು ಇದನ್ನೇ ಹಾಕುತ್ತೇನೆ.

ಯಾವುದೇ ಕನೆಕ್ಟರ್ ಆಗಲಿ, ಫ್ಯೂಸ್ ಬೇಕು. ಅದೂ ಸಾಮಾನಿನ ಹತ್ತಿರ ಅಲ್ಲ, ವೈರ್ ಹೊರಡುವ ಕಡೆ. ವೈರನ್ನು ಒಳ್ಳೆಯ ಇಕ್ಕಳದಿಂದ ಕ್ರಿಂಪ್ ಮಾಡಿ, ಅಂದರೆ ಪಿನ್ನಿಗೆ ಒತ್ತಿ ಬಿಗಿಮಾಡಿ. ಬೆಸುಗೆ ಹಾಕಲೇಬೇಕಾದರೆ ಆ ಜಾಗ ಅಲುಗಾಡದಂತೆ ಸ್ಲೀವ್ ಹಾಕಿ ಕಟ್ಟಿ. ಬೆಸುಗೆಯ ಸೀಸ ವೈರಿನ ಎಳೆಗಳ ಒಳಗೆ ಹರಿದು ವೈರನ್ನು ಕಡ್ಡಿಯಂತೆ ಮಾಡಿರುತ್ತದೆ, ಕಡ್ಡಿ ಮುಗಿಯುವ ಕಡೆಯೇ ಅದು ಮುರಿಯುತ್ತದೆ.

ಆ ಟ್ಯಾಕ್ಸಿಗೆ ಜಿಎಕ್ಸ್12 ಹಾಕಿದೆ. ಚಾರ್ಜರ್, ಫ್ಯಾನ್ ಎರಡೂ ಸೇರಿ 4 ಆಂಪಿಯರ್ ಎಳೆಯುತ್ತಿದ್ದವು, ಅದಕ್ಕೆ 1 ಚದರ ಎಂಎಂ ವೈರು, 5 ಆಂಪಿಯರ್ ಫ್ಯೂಸು. ಲೈನನ್ನು ಇಗ್ನಿಷನ್ ಮೇಲೆ, ಅಂದರೆ ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬರುವಂತೆ, ತೆಗೆದುಕೊಂಡೆ. ಕೀ ತೆಗೆದ ಮೇಲೆಯೇ ಉಂಗುರ ಬಿಚ್ಚಿ ಅಂತ ಹೇಳಿದೆ. ಕರೆಂಟ್ ಹರಿಯುವಾಗ ಬಿಚ್ಚಿದರೆ ಪಿನ್ನಿನ ತುದಿಯಲ್ಲಿ ಕಿಡಿ ಹಾರಿ ಚಿಕ್ಕ ಗುಳಿ ಬೀಳುತ್ತದೆ. ಅವರು ಅಲ್ಲೇ ನಿಂತು ನಾಲ್ಕೈದು ಸಲ ಹಾಕಿ ತೆಗೆದು ನೋಡಿದರು, ಕೊನೆಗೆ ಕಣ್ಣು ಮುಚ್ಚಿಕೊಂಡೂ ಒಮ್ಮೆ. ರಾತ್ರಿ ಹನ್ನೊಂದಕ್ಕೆ ಕತ್ತಲಲ್ಲಿ ಬಿಚ್ಚುವುದು ಅವರೇ ತಾನೇ.