ಸುಮ್ನೆ ಕೂತಿದೆ ಅಂದರೆ ಹಾಯಾಗಿದೆ ಅಂತಲ್ಲ

"ಎಷ್ಟು ಸಾಧು ನೋಡಿ ಸರ್, ಅಲ್ಲಾಡ್ತಾನೇ ಇಲ್ಲ. ಒಂದೇ ಒಂದು ಫೋಟೊ."

ಬಯಲುಸೀಮೆಯ ಹುಲ್ಲುಗಾವಲಿನಲ್ಲಿ ವಲಸೆ ಬಂದ ಹ್ಯಾರಿಯರ್ ಗಿಡುಗಗಳನ್ನು, ಅವು ಎಲ್ಲೆಲ್ಲಿ ಹೋಗುತ್ತವೆ ಅಂತ ತಿಳಿಯಲು ಹಿಡಿದಾಗಲೆಲ್ಲ ಈ ಮಾತು ಕೇಳುತ್ತೇನೆ. ಕೇಳುವವರು ಒಳ್ಳೆಯವರೇ. ನಸುಕಿಗೇ ಎದ್ದು, ಬಲೆ, ಗೂಟ ಹೊತ್ತು ನಮ್ಮ ಜೊತೆ ನಡೆದವರು. ಬೇಡ ಅನ್ನುವುದಕ್ಕೆ ಸಂಕಟವಾಗುತ್ತದೆ. ಆದರೂ ಬೇಡ ಅನ್ನುತ್ತೇನೆ.

ಬಾಲ್‌ಚತ್ರಿ (ಮೇಲೆಲ್ಲ ಕುಣಿಕೆ ಕಟ್ಟಿದ, ಒಳಗೆ ಆಮಿಷವಿರುವ ಪಂಜರ) ಇಡುವುದು, ಕುಣಿಕೆ ಬಿಡಿಸುವುದು, ಕಾಲಿಗೆ ಗುರುತಿನ ಉಂಗುರ ತೊಡಿಸುವುದು ಎಲ್ಲರಿಗೂ ಬೇಗ ಬರುತ್ತದೆ. ತಲೆಗೆ ಹತ್ತದೇ ಇರುವುದು ಇದೊಂದೇ: ಕೈಗೆ ಸಿಕ್ಕ ಹಕ್ಕಿ ಮಿಸುಕದೆ ಇರುವುದು ಹೆದರಿಕೆಗೆ. ಅದರ ಪಾಲಿಗೆ ನಾವು ಅದನ್ನು ತಿನ್ನಲು ಹಿಡಿದವರು. ಕಣ್ಣು ಮುಚ್ಚುವ ಟೋಪಿ ಹಾಕಿದರೆ ಗಾಬರಿ ಸ್ವಲ್ಪ ಇಳಿಯುತ್ತದೆ, ಹೋಗುವುದಿಲ್ಲ. ಎದೆಗೆ ಬೆರಳು ತಾಗಿಸಿ ನೋಡಿ, ಬಡಿತ ಎಣಿಸಲಿಕ್ಕೇ ಆಗುವುದಿಲ್ಲ. ಮೈ ಕಾಯುತ್ತಿರುತ್ತದೆ. ಹಕ್ಕಿ ಬೆವರುವುದಿಲ್ಲ, ಹೆಚ್ಚಾಗಿ ಬಾಯಿ ತೆರೆದು ಏದುಸಿರು ಬಿಟ್ಟೇ ಬಿಸಿ ಕಳೆಯಬೇಕು. ಫೋಟೊದಲ್ಲಿ ಅದು ನಕ್ಕಂತೆ ಕಾಣುತ್ತದೆ, ಅಷ್ಟೇ.

ಎಲ್ಲ ಹಕ್ಕಿಯೂ ಒಂದೇ ಥರ ಅಲ್ಲ. ಕೆಲವು ಜಾಸ್ತಿ ತಡೆಯುತ್ತವೆ, ಕೆಲವು ತಡೆಯುವುದಿಲ್ಲ. ಯಾವುದು ಎಷ್ಟು ಅಂತ ಮೊದಲೇ ಹೇಳಲು ನನಗಂತೂ ಬರುವುದಿಲ್ಲ. ಅದಕ್ಕೇ ಬೇಗ ಬಿಟ್ಟುಬಿಡುವ ಅವಸರ.

ಹಕ್ಕಿ ಎಲ್ಲಿದೆ ಅಂತ ತಿಳಿಸಲು ಬೆನ್ನಿಗೆ ಕಟ್ಟುವ ಟ್ರಾನ್ಸ್‌ಮಿಟರ್ ಸಾಮಾನ್ಯವಾಗಿ ಹಕ್ಕಿಯ ತೂಕದ ಶೇ. 3ರಷ್ಟರೊಳಗೇ ಇರಬೇಕು ಅನ್ನುತ್ತೇವೆ. 350 ಗ್ರಾಂ ಹಕ್ಕಿಗೆ ಹತ್ತೂವರೆ ಗ್ರಾಂ. ಒಂದೊಂದು ಗ್ರಾಂ ಉಳಿಸಲು ಅಷ್ಟು ಒದ್ದಾಡಿ, ಆಮೇಲೆ ಫೋಟೊಗೆಂದು ಹತ್ತು ನಿಮಿಷ ಹಿಡಿದುಕೊಂಡರೆ ಹೇಗೆ? 2013ರಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಹತ್ತಿರ ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟ ಅಮುರ್ ಫಾಲ್ಕನ್ ಎಂಬ ಪುಟ್ಟ ವಲಸೆ ಬೇಟೆಹಕ್ಕಿಗಳ ದಾರಿಯಲ್ಲಿ ಇಡೀ ಅರಬ್ಬೀ ಸಮುದ್ರ ಇತ್ತು. ನಡುವೆ ಇಳಿದು ಸುಧಾರಿಸಿಕೊಳ್ಳಲು ನೆಲವಿಲ್ಲ. ಅಂಥ ಪಯಣದವಕ್ಕೆ ರೆಕ್ಕೆಯ ಒಂದು ದೊಡ್ಡ ಗರಿ ನಮ್ಮ ಕೈಯಲ್ಲಿ ಮುರಿದರೆ, ಮುಂದೆ ಗರಿ ಉದುರಿ ಹೊಸದು ಬರುವವರೆಗೂ ಹಾಗೇ ಹಾರಬೇಕು.

ಒಮ್ಮೆ ಊರಿನ ಮೇಷ್ಟ್ರೊಬ್ಬರು ಬಂದಿದ್ದರು. ಪುಟ್ಟ ಮಗಳೂ ಜೊತೆಗಿದ್ದಳು. ಬಿಸಿಲೇರಿತ್ತು, ಹೆಣ್ಣು ಹ್ಯಾರಿಯರ್ ನನ್ನ ಕೈಲಿತ್ತು. ಟ್ರಾನ್ಸ್‌ಮಿಟರಿನ ಪಟ್ಟಿ ಅಳೆಯುತ್ತಿದ್ದೆವು. "ಅಪ್ಪಾ, ಅದರ ನಾಲಿಗೆ ನಡುಗ್ತಿದೆ" ಅಂದಳು ಹುಡುಗಿ. ನಾವು ಮೂವರು ದೊಡ್ಡವರು ಪಟ್ಟಿ ನೋಡುತ್ತಿದ್ದೆವು, ಕೊಕ್ಕು ನೋಡಿದವಳು ಅವಳೊಬ್ಬಳೇ. ಟೋಪಿ ತೆಗೆದು ಅಲ್ಲೇ ನೆರಳಲ್ಲಿ ಬಿಟ್ಟೆವು. ಟ್ರಾನ್ಸ್‌ಮಿಟರ್ ಪೆಟ್ಟಿಗೆಯಲ್ಲೇ ಉಳಿಯಿತು. ಹಕ್ಕಿ ಒಂದು ಗಳಿಗೆ ಹುಲ್ಲಲ್ಲೇ ಕೂತಿತ್ತು, ಆಮೇಲೆ ತಗ್ಗಾಗಿ ಹಾರಿ ಜೋಳದ ಹೊಲ ದಾಟಿತು.